ಸಿಳ್ಳೆ ಹೊಡೆದವರು ಯಾರು

ಸಿನಿಮಾದಲ್ಲಿ ರಕ್ತ ಕಂಡರೆ ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಮೊನ್ನೆ ಟೀವಿಯ ಜಾಹೀರಾತೊಂದರಲ್ಲಿ ಯಾವನೋ ಟೊಮೆಟೊ ಸಾಸಿನ ಬಾಟಲಿಯನ್ನು ತಲೆಕೆಳಗು ಮಾಡಿ ಅಲುಗಿಸಿದ. ಅಷ್ಟಕ್ಕೇ ನನ್ನ ಕಣ್ಣು ಮುಚ್ಚಿಕೊಂಡವು. ಹೆಂಡತಿ ಅಡುಗೆಮನೆಯಿಂದಲೇ ನೋಡಿ, "ತೆಗೀರಿ, ಸಾಸ್ ಅದ," ಎಂದಳು. ತೆಗೆದೆ. ತೆಗೆದ ಮೇಲೆ, ಈ ಒಂದು ಚಟದಿಂದಾಗಿ ನಮ್ಮ ಮನೆಯ ಒಂದು ಮದುವೆ ಇನ್ನೇನು ಮುರಿದುಬೀಳುವುದರಲ್ಲಿತ್ತು ಎಂಬುದು ನೆನಪಾಯಿತು.

ಚಟ ಹಳೆಯದು. ನಾನು ಐದನೇ ತರಗತಿಯಲ್ಲಿದ್ದಾಗ ಅಕ್ಕನ ಮದುವೆಯಾಯಿತು. ಭಾವನವರ ಹೆಸರು ಮರೆಪ್ಪ, ಊರು ಶಹಾಪುರ. ಹಬ್ಬಕ್ಕೆಂದು ರಂಗಂಪೇಟೆಯ ನಮ್ಮ ಮನೆಗೆ ಬಂದಾಗಲೆಲ್ಲ ಅವರು ನನ್ನನ್ನು ಸುರಪುರದ ಹೊರಗೆ ಬೀಳುತ್ತಿದ್ದ ಸಿನಿಮಾ ಡೇರೆಗೆ ಕರೆದುಕೊಂಡು ಹೋಗುತ್ತಿದ್ದರು. ಡೇರೆಯಲ್ಲಿ ಉಸುಕಿನ ಮೇಲೆ ಕೂರಬೇಕು. ಮುಂದಿನವನು ಉಸುಕನ್ನು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತರೆ ಹಿಂದಿನವನು ಅದಕ್ಕಿಂತ ದೊಡ್ಡ ಗುಡ್ಡೆ ಮಾಡುತ್ತಿದ್ದ. ಕಥೆ ಮುಗಿಯುವ ಹೊತ್ತಿಗೆ ಕೊನೆಯ ಸಾಲಿನವರು ಸಣ್ಣದೊಂದು ಬೆಟ್ಟದ ಮೇಲಿರುತ್ತಿದ್ದರು. ಹೊಡೆದಾಟ ಶುರುವಾದ ಕೂಡಲೇ ಭಾವ ತಮ್ಮ ಅಂಗೈಯನ್ನು ನನ್ನ ಕಣ್ಣುಗಳ ಮೇಲೆ ಇಡುತ್ತಿದ್ದರು. ಎಲ್ಲ ಮುಗಿದ ಮೇಲೆ "ಆತು" ಎಂದು ಕೈ ತೆಗೆಯುತ್ತಿದ್ದರು. ಹೀಗಾಗಿ ಸಿನಿಮಾದ ಹೊಡೆದಾಟವೆಂದರೆ ನನಗೆ ಕತ್ತಲೆ ಮತ್ತು ಫಿನಾಯಿಲಿನ ವಾಸನೆ, ಅಷ್ಟೇ. ದೊಡ್ಡವನಾದ ಮೇಲೆ ಭಾವನ ಕೈ ಇರಲಿಲ್ಲವಾಗಿ ನಾನೇ ಕಣ್ಣು ಮುಚ್ಚಿಕೊಂಡು, ಪಕ್ಕದವರನ್ನು "ಆತೇನ್ರಿ?" ಎಂದು ಕೇಳುವುದನ್ನು ರೂಢಿಸಿಕೊಂಡೆ. ಗುರುತಿಲ್ಲದವರು ಕೂಡ ಪಾಪ, "ಇನ್ನಾ ಇಬ್ರು ಉಳದಾರ್ರಿ, ತಡೀರಿ," ಎಂದು ಹೇಳುತ್ತಾರೆ. ನಮ್ಮ ಕಡೆಯ ಮಂದಿ ಒರಟು ಎನ್ನುವವರು ಇದನ್ನು ಗಮನಿಸಬೇಕು.

ಫಿನಾಯಿಲಿನ ವಾಸನೆಗೆ ಕಾರಣವಿತ್ತು. ಭಾವನವರಿಗೆ ಆಸ್ಪತ್ರೆಯಲ್ಲಿ ಕೆಲಸ. ಹೆಣ್ಣು ನೋಡಲು ಬಂದ ದಿನ, "ಏನು ಕೆಲಸ?" ಎಂದು ನಮ್ಮಪ್ಪ ಕೇಳಿದಾಗ ಅವರು, "ಚೀಟಿ ಬರಿಯೋದ್ರಿ," ಎಂದಿದ್ದರು. ಹೊರರೋಗಿಗಳು ಬಂದು ಕಿಟಕಿಯಲ್ಲಿ ಹೆಸರು ಹೇಳಿದರೆ ಬರೆದುಕೊಡುವ ಚೀಟಿ. ಅಪ್ಪನಿಗೆ ಬಹಳ ಸಂತೋಷವಾಯಿತು; ಬರೆಯುವ ಕೆಲಸದ ಅಳಿಯ ನಮ್ಮ ಮನೆತನಕ್ಕೆ ಅವರೇ ಮೊದಲನೆಯವರು. ಅವರ ನಿಜವಾದ ಕೆಲಸ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ, ಮರಣೋತ್ತರ ಪರೀಕ್ಷೆ ಮಾಡುವ ಡಾಕ್ಟರರ ಕೈಕೆಳಗೆ ಎಂಬುದು ಸ್ವಲ್ಪ ದಿನಗಳಲ್ಲೇ ಒಬ್ಬೊಬ್ಬರಾಗಿ ನಮಗೆಲ್ಲ ತಿಳಿಯಿತು. ಅವರು ನಮಗೆ ಹೇಳಲಿಲ್ಲ, ನಮಗೆ ಗೊತ್ತಿದೆ ಎಂದು ನಾವು ಅವರಿಗೆ ಹೇಳಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಹೀಗೇ ನಡೆದು, ಅವರು ನಿವೃತ್ತರಾದಾಗ ನಾವೆಲ್ಲ ಸೇರಿ ಅವರಿಗೆ ಒಂದು ಒಳ್ಳೆಯ ಪೆನ್ನು ಕೊಟ್ಟೆವು.

ಈಗ ಸಿನಿಮಾಕ್ಕೆ ಬರುತ್ತೇನೆ. ಅದರ ಹೆಸರು ಬೇಡ. ಆ ವರ್ಷ ಮಾರ್ಚ್ ತಿಂಗಳಲ್ಲಿ ಎಲ್ಲರೂ ನೋಡಿದ ಸಿನಿಮಾ ಎಂದರೆ ಸಾಕು. ಕೆನೆ ಬಣ್ಣದ ಕೋಟು ತೊಟ್ಟ ನಾಯಕ ಮೂರು ತಾಸು ನಿಧಾನವಾಗಿ ನಡೆಯುತ್ತಾನೆ, ನಡುನಡುವೆ ಜನರನ್ನು ಕೊಲ್ಲುತ್ತಾನೆ. ನಾನು ಕನ್ನಡ ಕಲಿಸುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಅದರಿಂದಾಗಿ ಮೂರು ಪಂಗಡಗಳಾದವು. ಪಿಟಿ ಮಾಸ್ತರರು ಮೂರು ಸಲ ನೋಡಿ ಬಂದು, ತರಗತಿಗೆ ಹೋಗುವಾಗ ತಾವೂ ನಿಧಾನವಾಗಿ ನಡೆಯತೊಡಗಿದರು. ವಿಜ್ಞಾನದ ಮೇಡಂ ಒಂದೇ ಸಲ ನೋಡಿ, ಆರು ಗುಂಡಿನ ಪಿಸ್ತೂಲಿನಿಂದ ಆತ ಹತ್ತೊಂಬತ್ತು ಗುಂಡು ಹಾರಿಸುತ್ತಾನೆ, ಇದನ್ನು ಮಕ್ಕಳಿಗೆ ಹೇಗೆ ವಿವರಿಸುವುದು ಎಂದು ಕೇಳಿದರು. ಹೆಡ್ ಮಾಸ್ತರರು ಅದನ್ನು ನೋಡಿರಲಿಲ್ಲ. ಇಂಥ ಚಿತ್ರಗಳಿಂದ ಸಮಾಜ ಕೆಡುತ್ತದೆ ಎಂದು ದಿನವೂ ಹೇಳಿ, ಹೇಗೆ ಕೆಡುತ್ತದೆ ಎಂದು ತಿಳಿಯಲು ಪಿಟಿ ಮಾಸ್ತರರಿಂದ ದಿನಕ್ಕೊಂದು ದೃಶ್ಯದ ಕಥೆ ಕೇಳುತ್ತಿದ್ದರು.

ಅದೇ ಹೊತ್ತಿಗೆ ಅಕ್ಕನ ಕಿರಿಯ ಮಗಳು ಸುಜಾತಾಳಿಗೆ ಸಂಬಂಧ ಕೂಡಿಬಂದಿತ್ತು. ಸುಜಾತಾ ಯಾದಗಿರಿಯ ಒಂದು ಆಫೀಸಿನಲ್ಲಿ ಗುಮಾಸ್ತೆ. ವಾರವಿಡೀ ಅಲ್ಲೇ ಹಾಸ್ಟೆಲಿನಲ್ಲಿದ್ದು ಭಾನುವಾರ ಶಹಾಪುರಕ್ಕೆ ಬರುತ್ತಿದ್ದಳು. ಹುಡುಗ ಆನಂದ, ಸೈದಾಪುರದವನು, ಕಡೇಚೂರಿನ ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ತಂದೆ ಇಲ್ಲ. ತಾಯಿ ಶಾಂತಮ್ಮನವರು ಹೊಲಿಗೆ ಮಷೀನಿನ ಮೇಲೆ ಅವನನ್ನು ಓದಿಸಿದವರು. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು, ನಿಶ್ಚಯದ ದಿನ ಗೊತ್ತು ಮಾಡುವುದಷ್ಟೇ ಬಾಕಿ. ಆಗ ಆನಂದ ಫೋನು ಮಾಡಿ, ಯಾದಗಿರಿಯಲ್ಲಿ ಆ ಸಿನಿಮಾ ನೋಡೋಣವೇ ಎಂದು ಸುಜಾತಾಳನ್ನು ಕೇಳಿದ. ಇಬ್ಬರೇ ಹೋಗುವುದು ಭಾವನವರಿಗೆ ಸರಿಬರಲಿಲ್ಲ. ಹೋಗದೆ ಇರುವುದು ಸುಜಾತಾಳಿಗೆ ಸರಿಬರಲಿಲ್ಲ. ಕೊನೆಗೆ ಐದು ಜನ ಹೋಗುವುದೆಂದು ತೀರ್ಮಾನವಾಯಿತು: ಹುಡುಗ, ಹುಡುಗನ ತಾಯಿ, ಹುಡುಗಿ, ಹುಡುಗಿಯ ತಂದೆ ಮತ್ತು ಸೋದರಮಾವನಾದ ನಾನು. ಅಕ್ಕ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಳು.

ಭಾನುವಾರದ ಮ್ಯಾಟಿನಿ. ಟಿಕೆಟ್ಟುಗಳನ್ನು ಆನಂದ ಮೊದಲೇ ಫೋನಿನಲ್ಲಿ ತೆಗೆದಿದ್ದ. ಒಳಗೆ ಹೋಗಿ ನೋಡಿದರೆ ನಂಬರಿನ ಪ್ರಕಾರ ಶಾಂತಮ್ಮ, ಆನಂದ, ಸುಜಾತಾ, ನಾನು, ಭಾವ, ಈ ಕ್ರಮದಲ್ಲಿ ಕೂರಬೇಕಾಗಿತ್ತು. ಈ ಕ್ರಮ ಹೇಗೆ ಬಂತು ಎಂದು ನಾನು ಕೇಳಲಿಲ್ಲ. ಶಾಂತಮ್ಮನವರು ಚೀಲದಿಂದ ಅವಲಕ್ಕಿ ಚೂಡಾ ತೆಗೆದು ಎಲ್ಲರ ಕೈಗೂ ಹಾಕಿದರು. ಭಾವ ಥೇಟರಿಗೆ ಬಂದು ಎಷ್ಟೋ ವರ್ಷಗಳಾಗಿದ್ದವು. "ಉಸುಕ ಎಲ್ಲೂ ಕಾಣವಲ್ದು," ಎಂದು ನನ್ನ ಕಿವಿಯಲ್ಲಿ ಹೇಳಿ ನಕ್ಕರು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿಯೇ ಇತ್ತು.

ವಿರಾಮಕ್ಕೆ ಸ್ವಲ್ಪ ಮುಂಚೆ ಆ ದೃಶ್ಯ ಬಂತು. ದೊಡ್ಡ ಹೋಟೆಲು. ಒಬ್ಬ ದಪ್ಪ ಮನುಷ್ಯ ಸಿಂಹಾಸನದಂಥ ಕುರ್ಚಿಯಲ್ಲಿ ಕೂತು ಊಟ ಮಾಡುತ್ತಿದ್ದಾನೆ, ಸುತ್ತ ಅವನ ಬಂಟರು. ನಾಯಕ ಎದುರಿಗೆ ನಿಂತಿದ್ದಾನೆ. ಕೂರು ಎಂದು ಯಾರೂ ಹೇಳುವುದಿಲ್ಲ. ನಾಯಕ ತನ್ನ ಕೋಟಿನ ಗುಂಡಿ ಹಾಕಿಕೊಂಡ. ಎಲ್ಲಿಂದಲೋ ಒಂದು ಮಧುರವಾದ ಜೋಗುಳದ ಹಾಡು ಶುರುವಾಯಿತು. ಇಷ್ಟು ಲಕ್ಷಣಗಳು ಕಂಡ ಮೇಲೆ ನಾನು ಕಣ್ಣು ಮುಚ್ಚಿದೆ. ಗಾಜು ಒಡೆಯಿತು, ಮೇಜು ಬಿತ್ತು, ಮನುಷ್ಯರು ಬಿದ್ದರು. ಜೋಗುಳ ಮಾತ್ರ ನಿಲ್ಲಲಿಲ್ಲ. ಕೊನೆಗೆ ಎಲ್ಲ ಸದ್ದೂ ನಿಂತು ಒಂದು ಗಳಿಗೆ ಸುಮ್ಮನಾಯಿತು. ಆಗ ನಮ್ಮ ಸಾಲಿನಿಂದಲೇ, ನನ್ನ ಎಡಗಡೆಯಿಂದ, ಎರಡು ಬೆರಳಿನ ಒಂದು ಉದ್ದನೆಯ ಸಿಳ್ಳೆ ಬಂತು. ಎಂಥ ಸಿಳ್ಳೆ ಎಂದರೆ, ಇಡೀ ಥೇಟರು ಅದಕ್ಕೆ ಚಪ್ಪಾಳೆ ತಟ್ಟಿತು.

"ಆತೇನ್ರಿ ಭಾವ?" ಎಂದೆ. ಬಲಗಡೆಯಿಂದ ಉತ್ತರವಿಲ್ಲ.

"ಆತು ಮಾಮಾ, ಕಣ್ಣ ತೆಗಿ," ಎಂದು ಎಡಗಡೆಯಿಂದ ಸುಜಾತಾ ಹೇಳಿದಳು. ಕಣ್ಣು ತೆರೆದೆ. ಭಾವನವರ ಕುರ್ಚಿ ಮಡಚಿಕೊಂಡಿತ್ತು.

ಹೊರಗೆ ಬಂದು ಹುಡುಕಿದೆ. ಅವರು ನಲ್ಲಿಯ ಹತ್ತಿರ ನಿಂತು ಕೈ ತೊಳೆಯುತ್ತಿದ್ದರು. ತೊಳೆದ ಕೈಯನ್ನೇ ಮತ್ತೆ ತೊಳೆದರು. ನನ್ನನ್ನು ನೋಡಿ ನಲ್ಲಿ ನಿಲ್ಲಿಸಿ, "ನೀ ಒಳಗ ಹೋಗು ಮಾಸ್ತರ. ನಾ ಇಲ್ಲೇ ಇರ್ತೀನಿ. ಒಳಗ ಭಾಳ ಸೆಕಿ ಅದ," ಎಂದರು. ಒಳಗೆ ಏಸಿ ಇತ್ತು. ಹೊರಗೆ ಯಾದಗಿರಿಯ ಮಾರ್ಚ್ ಕೊನೆಯ ಮಧ್ಯಾಹ್ನವಿತ್ತು.

ಆಟ ಮುಗಿದ ಮೇಲೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತೆವು. ಸಿನಿಮಾ ಹೇಗಿತ್ತು ಎಂಬ ಮಾತು ಬಂತು. ಬಾರದೆ ಹೇಗಿದ್ದೀತು?

"ಹದಿನಾರು ಮಂದೀನ ಹೊಡದಾನ್ರಿ," ಎಂದು ಶಾಂತಮ್ಮ ಶುರು ಮಾಡಿದರು. "ಕೈ ಎತ್ಯಾನ, ಜಿಗದಾನ, ಉಳ್ಳಾಡ್ಯಾನ. ಕಂಕುಳದಾಗ ಒಂದ ಹೊಲಿಗಿ ಬಿಟ್ಟಿಲ್ಲ ನೋಡ್ರಿ! ಭುಜ ಎಲ್ಲೂ ಎದ್ದಿಲ್ಲ. ಆ ಕೋಟ್ ಹೊಲದಂವ ಯಾರೋ ಏನೋ, ಅವಗ ಒಂದ ನಮಸ್ಕಾರ."

"ರಕ್ತದ ಬಣ್ಣ ತಪ್ಪದ," ಎಂದ ಆನಂದ, ಲ್ಯಾಬಿನವನು. "ಅಷ್ಟ ಹೊತ್ತಿಗೆ ಗಾಳಿ ತಾಗಿ ಕಂದಬೇಕಿತ್ತು. ಕೊನೀತನಕ ಕೆಂಪಗ ಇಟ್ಟಾರ. ಹೌದಲ್ರಿ?" ಎಂದು ಭಾವನವರ ಕಡೆ ನೋಡಿದ. ಆಸ್ಪತ್ರೆಯಲ್ಲಿ ಇದ್ದವರಲ್ಲವೇ, ಅವರಿಗೆ ತಿಳಿದಿರುತ್ತದೆ ಎಂದು ಗೌರವದಿಂದಲೇ ಕೇಳಿದ್ದು. ಭಾವ ಬಸಿಗೆ ಚಹಾ ಸುರಿದುಕೊಂಡರು.

"ನನಗಂತೂ ಚಲೋ ಅನಿಸ್ತು," ಎಂದಳು ಸುಜಾತಾ. ಯಾಕೆ ಎಂದು ಹೇಳಲಿಲ್ಲ.

ನಾನು, "ಹಾಡು ಚೆನ್ನಾಗಿತ್ತು," ಎಂದೆ. ನಾನು ಆ ಚಿತ್ರವನ್ನು ಅರ್ಧ ನೋಡಿದ್ದೆ, ಪೂರ್ತಿ ಕೇಳಿದ್ದೆ. ನನ್ನ ಅಭಿಪ್ರಾಯ ಹೆಚ್ಚುಕಡಿಮೆ ರೇಡಿಯೋ ಕೇಳಿದವನ ಅಭಿಪ್ರಾಯ.

ಎಲ್ಲರೂ ಭಾವನವರನ್ನು ನೋಡಿದೆವು. ಅವರು ಚಹಾ ಮುಗಿಸಿ, "ಶಹಾಪುರ ಬಸ್ ಎಷ್ಟಕ್ಕದ?" ಎಂದು ಕೇಳಿದರು.

ಎರಡು ದಿನ ಬಿಟ್ಟು ಅಕ್ಕನ ಫೋನು ಬಂತು. "ಈ ಸಂಬಂಧ ಬ್ಯಾಡ ಅಂತಾರ ಇವ್ರು."

"ಯಾಕ?"

"ಹುಡುಗ ಸಿಳ್ಳಿ ಹೊಡದಾನಂತ."

ಇನ್ನೂ ಏನಾದರೂ ಹೇಳುತ್ತಾಳೇನೋ ಎಂದು ಕಾದೆ. ಕುಡಿಯುತ್ತಾನಂತೆ, ಮೊದಲೇ ಒಂದು ಮದುವೆಯಾಗಿದೆಯಂತೆ, ಹೀಗೆ ಏನಾದರೂ. ಅಂಥದ್ದೇನೂ ಇರಲಿಲ್ಲ. ಮಗಳಿಗೆ ಕಾರಣ ಹೇಳಬಾರದೆಂದು ಬೇರೆ ಭಾವ ತಾಕೀತು ಮಾಡಿದ್ದರಂತೆ. ಸುಜಾತಾಳಿಗೆ ತಿಳಿದದ್ದು ಇಷ್ಟೇ: ಅಪ್ಪ ಬೇಡ ಎಂದಿದ್ದಾರೆ. ಸಿಟ್ಟಿನಿಂದ ಅವಳು ಆ ಭಾನುವಾರ ಮನೆಗೇ ಬರಲಿಲ್ಲ. ನಾನು ಹೋದೆ.

ಭಾವ ಪಡಸಾಲೆಯಲ್ಲಿ ಮೊರ ಇಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನೂ ಎದುರಿಗೆ ಕೂತು ಹರಳು ಆರಿಸತೊಡಗಿದೆ. ಸಿಳ್ಳೆಯ ವಿಷಯವನ್ನು ಎಲ್ಲಿಂದ ಶುರು ಮಾಡಬೇಕೆಂದು ಯಾವ ವ್ಯಾಕರಣದಲ್ಲೂ ಹೇಳಿಲ್ಲ.

"ಸಣ್ಣ ವಯಸ್ಸು ಭಾವ. ಥೇಟರಿನ್ಯಾಗ ಎಲ್ಲಾರೂ ಹೊಡೀತಾರ," ಎಂದೆ.

"ಎಲ್ಲಾರೂ ಹೊಡೀಲಿ. ನನ್ನ ಮಗಳ ಬಾಜೂಕ ಕೂತಂವ ಹೊಡೀಬಾರ್ದು."

"ಅಂವನ ಹೊಡದಾನ ಅಂತ ಏನ ಗ್ಯಾರಂಟಿ?"

"ನೀ ನಡುವ ಕೂತಿದ್ದಿ. ನೀನ ಹೇಳು, ಯಾರು ಹೊಡದ್ರು?"

"ನಾ ಕಣ್ಣ ಮುಚ್ಚಿದ್ನೆಲ್ರಿ."

ಭಾವ ಮೊರ ಕುಕ್ಕಿ ನನ್ನನ್ನು ನೋಡಿದರು. "ಐವತ್ತ ದಾಟೀದಿ," ಎಂದರು. "ಇನ್ನಾ ಮುಚ್ತಿ?"

ಈ ಚಟವನ್ನು ಕಲಿಸಿದವರು ನೀವೇ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹುಡುಗನನ್ನೇ ಕೇಳಿಕೊಂಡು ಬರುತ್ತೇನೆ ಎಂದು ಎದ್ದೆ.

ಮರುದಿನವೇ ಒಂದು ದಿನದ ರಜೆ ಹಾಕಿ, ಯಾದಗಿರಿಯಿಂದ ಪ್ಯಾಸೆಂಜರ್ ರೈಲು ಹತ್ತಿ ಸೈದಾಪುರಕ್ಕೆ ಹೋದೆ. ಆನಂದನಿಗೆ ಎರಡನೇ ಪಾಳಿ ಇದ್ದುದರಿಂದ ಮನೆಯಲ್ಲೇ ಇದ್ದ. ಶಾಂತಮ್ಮ ಮಷೀನಿನ ಮೇಲೆ ಯಾರದೋ ಕುಪ್ಪಸ ಹೊಲಿಯುತ್ತಿದ್ದರು. ನೀರು ಕುಡಿದು, ಬಿಸಿಲಿನ ಬಗ್ಗೆ ಮಾತಾಡಿ, ರೈಲು ತಡವಾದದ್ದರ ಬಗ್ಗೆ ಮಾತಾಡಿ, ಕೊನೆಗೆ ಕೇಳಿದೆ.

"ತಮ್ಮಾ, ಅವತ್ತು ಥೇಟರಿನ್ಯಾಗ ಒಂದು ಸಿಳ್ಳಿ ಆತು. ಭಾವನವ್ರು ಅದನ್ನ ಭಾಳ ಮನಸ್ಸಿಗಿ ಹಚ್ಚಿಕೊಂಡಾರ. ಹೊಡದಂವ ನೀನೇನು?"

ಆನಂದ ನನ್ನನ್ನು ನೋಡಿದ. ಆಮೇಲೆ ನೆಲ ನೋಡಿದ. "ಹೌದ್ರಿ ಸರ್," ಎಂದ. "ನಾನ ಹೊಡದೆ. ತಪ್ಪಾತು."

ಮಷೀನು ನಿಂತಿತು. ಶಾಂತಮ್ಮ ಮಗನ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಹೇಳಲಿಲ್ಲ. ಮಷೀನು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

"ಭಾನುವಾರ ಬಂದು ಮಾಫಿ ಕೇಳ್ತೀನಿ ಅಂತ ಹೇಳ್ರಿ," ಎಂದ ಆನಂದ.

ಇಪ್ಪತ್ತೈದು ವರ್ಷ ಮಾಸ್ತರಿಕೆ ಮಾಡಿದ್ದೇನೆ. ಯಾವ ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂಬುದನ್ನು ಮುಖ ನೋಡಿಯೇ ಹೇಳಬಲ್ಲೆ ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಂಡಿದ್ದೂ ಇದೆ. ಆನಂದನ ಮುಖ ನೋಡಿ, ಇವನು ನಿಜ ಹೇಳುತ್ತಿದ್ದಾನೆ ಎಂದು ಖಚಿತ ಮಾಡಿಕೊಂಡು ರೈಲು ಹತ್ತಿದೆ.

ಭಾನುವಾರ ತಾಯಿ ಮಗ ಇಬ್ಬರೂ ಶಹಾಪುರಕ್ಕೆ ಬಂದರು. ಸುಜಾತಾ ಕೂಡ ಬಂದಿದ್ದಳು. ಆನಂದ ಬರುತ್ತಾನೆಂದು ಅಕ್ಕ ಅವಳಿಗೆ ತಿಳಿಸಿದ್ದಳು, ಯಾಕೆ ಬರುತ್ತಾನೆಂದು ತಿಳಿಸಿರಲಿಲ್ಲ. ಅವಳು ಅಡುಗೆಮನೆಯಲ್ಲಿ ಚಹಾಕ್ಕಿಟ್ಟಳು. ನಾವು ಪಡಸಾಲೆಯಲ್ಲಿ ಬುದ್ಧನ ಪಟದ ಕೆಳಗೆ ಚಾಪೆಯ ಮೇಲೆ ಕೂತೆವು. ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ತಪ್ಪಾತ್ರಿ," ಎಂದ ಆನಂದ. "ಮಾಫ್ ಮಾಡ್ರಿ."

ಭಾವ ಅವನನ್ನು ಬೈಯಲಿಲ್ಲ.

"ನಾ ಆಸ್ಪತ್ರಿ ಹಿಂದಿನ ಖೋಲಿದಾಗ ಕೆಲಸ ಮಾಡೀನಿ," ಎಂದರು. ನಲವತ್ತು ವರ್ಷಗಳಲ್ಲಿ ಅವರ ಬಾಯಿಂದ ನಾನು ಈ ಮಾತು ಕೇಳಿದ್ದು ಅದೇ ಮೊದಲು. "ನಿಮಗ ಯಾರರ ಹೇಳಿರ್ಬೇಕು. ಒಮ್ಮಿ ಒಬ್ಬ ಹುಡುಗನ್ನ ತಂದ್ರು. ನಿನ್ನ ವಯಸ್ಸಿನಂವ. ಯಾರೋ ಜಗಳದಾಗ ಹೊಡದಿದ್ರು. ಹೊಸಾ ಬಿಳಿ ಅಂಗಿ ಹಾಕ್ಕೊಂಡಿದ್ದ. ಕಾಲರ್ ಒಳಗಿನ ಚೀಟಿ ಇನ್ನಾ ಹಂಗ ಇತ್ತು. ಡಾಕ್ಟರು ಅವರ ಕೆಲಸ ಮುಗಿಸಿ ಹೋದ್ರು. ಹೊರಗ ಅವರವ್ವ ಕುಂತಿದ್ಳು. ಹಂಗ ಹೆಂಗ ಕೊಡೂದು? ಮುಖ ತೊಳದೆ. ತಲಿ ಬಾಚಬೇಕಂದೆ. ಬೈತಲಿ ಯಾ ಕಡಿ ತೆಗೀತಿದ್ದನೋ ನನಗೇನ ಗೊತ್ತು? ಹೊರಗ ಹೋಗಿ ಅವರವ್ವನ್ನ ಕೇಳ್ದೆ. ಎಡಕ್ಕ ಅಂದ್ಳು."

ಭಾವನವರ ತಲೆ ಮೂವತ್ತನೇ ವಯಸ್ಸಿಗೇ ಬೋಳಾಗಿತ್ತು. ಆದರೂ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಹಣಗಿ, ಅಂದರೆ ಬಾಚಣಿಗೆ, ಇರುತ್ತಿತ್ತು. ನಮ್ಮ ಬಂಧುಬಳಗದಲ್ಲಿ ಅದೊಂದು ಕಾಯಂ ನಗೆಚಾಟಿಕೆ. ಯಾರ ಮದುವೆಯಲ್ಲಿ ಕಂಡರೂ, "ಮರೆಪ್ಪ, ಹಣಗಿ ತಂದೀಯೇನು?" ಎಂದು ಕೇಳುವುದು, ಅವರು ಜೇಬು ಮುಟ್ಟಿ ತೋರಿಸಿ ನಗುವುದು. ನಾನೂ ಕೇಳಿದ್ದೇನೆ, ಒಂದು ಸಲವಲ್ಲ. ಈಗ ನಾನು ಚಾಪೆಯ ಅಂಚಿನ ಎಳೆಯೊಂದನ್ನು ಕೀಳುತ್ತ ಕೂತೆ.

"ಅವತ್ತು ಥೇಟರಿನ್ಯಾಗ ಅಷ್ಟು ಮಂದಿ ಬಿದ್ದಿದ್ರು," ಎಂದರು ಭಾವ. "ಅದು ಸಿನಿಮಾ, ಎದ್ದ ಮನಿಗಿ ಹೋಗ್ತಾರ ಅಂತ ನನಗೂ ಗೊತ್ತದ. ನಾ ಏನ ಮಂಗ್ಯಾನ? ಆದ್ರ ಬಾಜೂಕ ಸಿಳ್ಳಿ ಆತು ನೋಡು..." ಆಮೇಲೆ ಆನಂದನನ್ನು ಕೇಳಿದರು. "ಸಿಟ್ಟಿಲೆ ಕೇಳವಲ್ಲೆ. ಹೇಳು. ಯಾಕ ಹೊಡದಿ?"

ಕಾರಣವೊಂದನ್ನು ಆನಂದ ಸಿದ್ಧ ಮಾಡಿಕೊಂಡು ಬಂದಿರಲಿಲ್ಲ.

"ಹೆಂಗ ಹೊಡದಿ? ಒಮ್ಮಿ ಹೊಡದ ತೋರಸು."

ಆನಂದ ಎರಡು ಬೆರಳು ಬಾಯಿಗಿಟ್ಟು ಊದಿದ. ಗಾಳಿ ಬಂತು. ಬೆರಳು ಬದಲಿಸಿ ಮತ್ತೆ ಊದಿದ. ಈ ಸಲ ಗಾಳಿಯ ಜೊತೆ ಸ್ವಲ್ಪ ಉಗುಳು ಬಂತು. ಅವನು ಅಂಗಿಯ ತೋಳಿನಿಂದ ಗದ್ದ ಒರೆಸಿಕೊಂಡು ಮೂರನೇ ಸಲ ಸಿದ್ಧನಾದ. ಶಾಂತಮ್ಮನವರಿಗೆ ಅದನ್ನು ನೋಡಲಾಗಲಿಲ್ಲ.

"ಬಿಡ್ರಿ ಅಣ್ಣಾರ," ಎಂದರು. "ಅವಗ ಹುಟ್ಟಿದಾಗಿಂದ ಸಿಳ್ಳಿ ಬರೂದಿಲ್ಲ. ಕುಕ್ಕರಿಗಿ ಬರ್ತದ, ನನ್ನ ಮಗಗ ಬರಲ್ಲ."

ಅಡುಗೆಮನೆಯಿಂದ ಸುಜಾತಾ ಚಹಾದ ತಾಟು ಹಿಡಿದುಕೊಂಡು ಬಂದಳು. ಅಷ್ಟೂ ಮಾತುಗಳನ್ನು ಒಳಗಿನಿಂದ ಕೇಳಿಸಿಕೊಂಡಿದ್ದಳೆಂದು ಅವಳ ಮುಖದಲ್ಲೇ ಇತ್ತು. ತಾಟನ್ನು ಕೆಳಗಿಟ್ಟು, ಎದ್ದು ನಿಂತು, ಸೆರಗು ಸರಿಮಾಡಿಕೊಂಡಳು.

"ಅಪ್ಪಾ, ಸಿಳ್ಳಿ ಹೊಡದಾಕಿ ನಾನು."

ಹಿತ್ತಲಲ್ಲಿ ಅಕ್ಕನ ಆಡು ಒಮ್ಮೆ ಕೂಗಿತು.

"ನಿನಗ ಯಾರ ಕಲಿಸ್ಯಾರ?" ಎಂದರು ಭಾವ.

"ನೀನ ಕಲಿಸೀದಿ. ಆಡು ಕರಿಲಾಕ. ಸಣ್ಣಾಕಿದ್ದಾಗ."

ಭಾವನವರಿಗೆ ಅದು ನೆನಪಾಗಿರಬೇಕು. ಅವರು ಆ ದಾರಿಯಲ್ಲಿ ಮುಂದೆ ಹೋಗಲಿಲ್ಲ. "ಅಷ್ಟು ಮಂದಿ ಸತ್ತು ಬಿದ್ದಾರ," ಎಂದರು. "ಸಿಳ್ಳಿ ಹೊಡೀಲಾಕ ನಿನಗ ಹೆಂಗ ಮನಸ್ಸ ಬಂತು?"

"ನಾ ಹೆಣಕ್ಕ ಹೊಡೀಲಿಲ್ಲ ಅಪ್ಪಾ. ಕುರ್ಚಿಗಿ ಹೊಡದೆ. ಅಂವ ಬಂದಾಗಿಂದ ನಿಂತೇ ಇದ್ದ. ಒಬ್ರೂ ಕೂಡು ಅನ್ಲಿಲ್ಲ. ಕೊನೀಗಿ ಹೋಗಿ ಆ ದಪ್ಪನಂವನ ಕುರ್ಚಿ ಮ್ಯಾಲ ಅಂವ ಕೂತ. ನಾ ಆಫೀಸಿನ್ಯಾಗ ಫೈಲ್ ಹಿಡಕೊಂಡು ಸಾಹೇಬ್ರ ಮುಂದ ತಾಸಗಟ್ಲೆ ನಿಂದರ್ತೀನಿ. ಎದುರಿಗಿ ನಾಕ ಕುರ್ಚಿ ಖಾಲಿ ಇರ್ತಾವ. ಬ್ಯಾರೇದವ್ರು ಬಂದ್ರ ಕೂಡ್ರಿ ಅಂತಾರ. ನನಗ ಅನ್ನಂಗಿಲ್ಲ. ನಾಕ ವರ್ಷ ಆತು. ಅದನ್ನ ನಿಮಗ ಹೇಳಬಾರ್ದು ಅಂದಕೊಂಡಿದ್ದೆ. ಅವತ್ತು ಅಂವ ಕೂತದ್ದು ನೋಡಿದೆ, ತಡೀಲಿಲ್ಲ."

ಹಾಗಾದರೆ ಆ ದೃಶ್ಯದ ಕೊನೆಯಲ್ಲಿ ಒಂದು ಕುರ್ಚಿ ಇತ್ತು. ಅದನ್ನು ನಾನು ನೋಡಿರಲಿಲ್ಲ, ಕಣ್ಣು ಮುಚ್ಚಿದ್ದೆ. ಭಾವನವರು ಕಣ್ಣು ತೆರೆದೇ ಕೂತಿದ್ದರು.

"ನಾ ಕುರ್ಚಿ ನೋಡ್ಲಿಲ್ಲ," ಎಂದರು ಅವರು, ಸಣ್ಣ ದನಿಯಲ್ಲಿ.

ಇಷ್ಟಕ್ಕೇ ಎಲ್ಲ ಮುಗಿಯಬಹುದಿತ್ತು. ಆದರೆ ಭಾವ ನ್ಯಾಯದ ಮನುಷ್ಯರು. ಒಂದು ಆರೋಪ ಬಿದ್ದುಹೋದ ಮೇಲೆ ಇನ್ನೊಂದು ಅವರಿಗೆ ಕಂಡಿತು. ಆನಂದನ ಕಡೆ ತಿರುಗಿ, "ಮತ್ತ ನೀ ಯಾಕ ಹೌದಂದಿ?" ಎಂದರು.

"ಅಕಿಗಿ ಬೈತೀರಿ ಅಂತ್ರಿ."

"ಅಂದ್ರ ಮದುವಿಗಿಂತ ಮೊದ್ಲೇ ಸುಳ್ಳ ಹೇಳೀದಿ. ಮದುವಿ ಆದಮ್ಯಾಲ ಎಷ್ಟ ಹೇಳ್ತಿ?"

ಅಲ್ಲಿಯವರೆಗೆ ಬಾಗಿಲಿಗೆ ಒರಗಿ ನಿಂತಿದ್ದ ಅಕ್ಕ ಮೊದಲ ಸಲ ಬಾಯಿ ತೆರೆದಳು.

"ನೀವೇನ ಹೇಳಿದ್ರಿ ನಮ್ಮಪ್ಪಗ? ಚೀಟಿ ಬರೀತೀನಿ ಅಂದಿದ್ರಿ."

ಭಾವ ಅವಳನ್ನು ನೋಡಿದರು. ಅವರ ಬೋಳು ತಲೆ ನಿಧಾನವಾಗಿ ಕೆಂಪಗಾಯಿತು.

"ನಿನಗ ಯಾವಾಗ ಗೊತ್ತಾತು?"

"ಲಗ್ನ ಆದ ಮೊದಲನೇ ವಾರ. ನಿಮ್ಮ ಬಟ್ಟಿ ಒಗದಾಕಿ ಯಾರು? ರಕ್ತದ ಕಲಿ ಬಿಸಿನೀರಿಗಿ ಹೋಗಂಗಿಲ್ಲ, ಕೂತ್ ಬಿಡ್ತದ. ತಣ್ಣೀರಾಗ ನೆನಿ ಇಡಬೇಕು. ಅದನ್ನ ನಾ ತವರಮನ್ಯಾಗ ಕಲತ ಬಂದೀನೇನು?"

"ಇಷ್ಟ ವರ್ಷ ಯಾಕ ಕೇಳ್ಲಿಲ್ಲ?"

"ನೀವ ಹೇಳ್ತೀರಿ ಅಂತ ಕುಂತೆ," ಎಂದಳು ಅಕ್ಕ. "ಇವತ್ತ ಹೇಳೀದ್ರಿ."

ಭಾವ ಎದ್ದು ಹಿತ್ತಲಿಗೆ ಹೋದರು. ಆಡಿಗೆ ಸೊಪ್ಪು ಹಾಕಿದ ಸದ್ದು ಕೇಳಿಸಿತು. ನಾವು ಮೂವರೂ ಬುದ್ಧನ ಪಟ ನೋಡುತ್ತ ಕೂತೆವು. ಸುಜಾತಾ ನಿಂತೇ ಇದ್ದಳು. ಸ್ವಲ್ಪ ಹೊತ್ತಿಗೆ ಭಾವ ತಿರುಗಿ ಬಂದು, ಕಪಾಟಿನ ಪಕ್ಕದಲ್ಲಿದ್ದ ಕುರ್ಚಿಯನ್ನು ಎತ್ತಿ ತಂದು ಮಗಳ ಹಿಂದೆ ಇಟ್ಟರು. ಅದು ಆ ಮನೆಯಲ್ಲಿದ್ದ ಒಂದೇ ಒಂದು ಕುರ್ಚಿ. ದೊಡ್ಡವರು ಬಂದರೆ ಮಾತ್ರ ಹೊರಗೆ ಬರುತ್ತಿತ್ತು.

"ಕೂಡು," ಎಂದರು.

ದೊಡ್ಡವರೆಲ್ಲ ಚಾಪೆಯ ಮೇಲಿರುವಾಗ ಅವಳಿಗೆ ಸಂಕೋಚವಾಯಿತು. "ಕೂಡು ಅಂದೆ," ಎಂದು ಭಾವ ಗದರಿದ ಮೇಲೆ ಕೂತಳು. ಆಮೇಲೆ ಅವರು ಆನಂದನಿಗೆ, "ಚಾ ಆರಾಕತ್ತದ, ಕುಡಿ," ಎಂದರು. ಶಾಂತಮ್ಮ ಕಣ್ಣೊರೆಸಿಕೊಂಡು ಬಸಿ ಎತ್ತಿಕೊಂಡರು. ನಮ್ಮ ಕಡೆ ಒಪ್ಪಿಗೆಗೆ ಇದಕ್ಕಿಂತ ಹೆಚ್ಚು ಮಾತು ಬೇಕಾಗುವುದಿಲ್ಲ.

ಸೋಮವಾರ ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮಗಳ ಜೊತೆ ಯಾದಗಿರಿಯ ಬಸ್ಸು ಹತ್ತಿದರು. ಅವಳ ಆಫೀಸಿಗೆ ಹೋಗಿ, ಸಾಹೇಬರಿಗೆ ನಮಸ್ಕಾರ ಮಾಡಿ, ಎದುರಿನ ಕುರ್ಚಿಯಲ್ಲಿ ತಾವಾಗಿಯೇ ಕೂತು, ಮಗಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಮದುವೆ ಗೊತ್ತಾಗಿದೆ, ರಜೆ ಬೇಕಾಗುತ್ತದೆ ಎಂದು ಹೇಳಿ ಬಂದರಂತೆ. ಸಾಹೇಬರು ಏನೆಂದರು ಎಂದು ಕೇಳಿದೆ. "ಏನಂತಾರ? ಯಾವಾಗ ಲಗ್ನ ಅಂದ್ರು," ಎಂದರು. ಅಂದಿನಿಂದ ಸುಜಾತಾ ಫೈಲು ತೆಗೆದುಕೊಂಡು ಹೋದರೆ ಕೂತೇ ಮಾತಾಡುತ್ತಾಳೆ. ಯಾರೂ ಕೂರು ಎಂದು ಹೇಳುವುದಿಲ್ಲ. ಯಾರೂ ಏಳು ಎಂದೂ ಹೇಳಿಲ್ಲ.

ನಿಶ್ಚಯಕ್ಕೆ ಇನ್ನೂ ಒಂದು ವಾರವಿತ್ತು. ಭಾವ ಫೋನು ಮಾಡಿ, "ಅರ್ಧ ಬಿಟ್ಟು ಬಂದೀನಿ. ಉಳದದ್ದು ನೋಡಬೇಕಲ್ಲ," ಎಂದರು. ಸಿನಿಮಾ ಆಗಲೇ ದಿನಕ್ಕೊಂದೇ ಆಟಕ್ಕೆ ಇಳಿದಿತ್ತು. ಈ ಸಲ ಅಕ್ಕನೂ ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ಹೊರಟಳು. ನಾವು ಮೂವರೇ ಹೋದೆವು. ಭಾವ ಕೊನೆಯವರೆಗೂ ಕೂತರು. ಹೊರಗೆ ಬಂದು, ಬಂಡಿಯವನ ಹತ್ತಿರ ಮಿರ್ಚಿ ಭಜಿ ಹೇಳಿ ಬೆಂಚಿನ ಮೇಲೆ ಕೂತೆವು.

ಆ ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಬೇಕಾದವಳು ಇನ್ನು ಅಕ್ಕ ಒಬ್ಬಳೇ. ಹೇಗಿತ್ತು ಎಂದು ಕೇಳಿದೆ. ಅಕ್ಕ ಭಜಿ ಊದಿ ಊದಿ ತಿನ್ನುತ್ತ ಯೋಚಿಸಿದಳು.

"ಅಂವ ಮುಂಜಾನಿಂದ ಅಷ್ಟು ಮಂದೀನ ಹೊಡದಾನ," ಎಂದಳು. "ಹೋಟೆಲಿಗಿ ಹೋಗ್ಯಾನ, ಬೀಗರ ಮನಿಗಿ ಹೋಗ್ಯಾನ, ಮದುವಿ ಮನಿಗೂ ಹೋಗ್ಯಾನ. ಇಡೀ ಸಿನಿಮಾದಾಗ ಒಮ್ಮಿನೂ ಉಣ್ಣಾಕ ಕೂತಿಲ್ಲ. ಅದೆಂಥಾ ಸಿನಿಮಾ?"

ಭಾವ ಕಾಗದದಿಂದ ಬೆರಳ ಎಣ್ಣೆ ಒರೆಸಿಕೊಂಡರು.

"ಅದೊಂದ ಖರೇ ತೋರಸ್ಯಾರ," ಎಂದರು. "ಹೆಣ ನೋಡಿದ ದಿನ ಉಣ್ಣಾಕ ಆಗಂಗಿಲ್ಲ."

ಅಕ್ಕ ಭಜಿ ಕೈಯಲ್ಲೇ ಹಿಡಿದು ಅವರನ್ನು ನೋಡಿದಳು. ಅವರು ಬಂಡಿಯವನ ಕಡೆ ತಿರುಗಿ, ಇನ್ನೊಂದು ಪ್ಲೇಟು ಹಾಕು, ಬಿಸಿ ಇರಲಿ ಎಂದರು.